ಸಾವಿರಬಾಯಿಯ ದಾರಿ

"ಗುರುಗಳೇ, ಅನ್ಯಾಯ ಕಣ್ಣೆದುರಿಗಿರುವಾಗ ಸಿದ್ಧತೆ ಮಾಡಿಕೊಳ್ಳುವುದು ಹೇಡಿತನವಲ್ಲವೇ?"

ಕೇಳಿದವನು ರೇಚಯ್ಯ. ಮಠಕ್ಕೆ ಬಂದು ಮೂರು ವರ್ಷವಾಗಿದ್ದ ಶಿಷ್ಯ. ಅವನ ಊರಿನ ಕೆರೆಯ ನೀರನ್ನು ಅಲ್ಲಿನ ಅಧಿಕಾರಿ ತನ್ನ ತೋಟಕ್ಕೆ ತಿರುಗಿಸಿಕೊಂಡ ಸುದ್ದಿ ಆ ದಿನ ಬೆಳಿಗ್ಗೆ ಬಂದಿತ್ತು. ನಾಳೆಯೇ ಹೋಗಿ ಅವನ ಬಾಗಿಲಲ್ಲಿ ನಿಲ್ಲುತ್ತೇನೆ ಎಂದು ರೇಚಯ್ಯ ಹೊರಟಿದ್ದ. ಆತುರ ಬೇಡ, ಮೊದಲು ಸಿದ್ಧನಾಗು ಎಂದು ಹಿರಿಯ ಶಿಷ್ಯರು ತಡೆದಿದ್ದರು. ಆ ಮಾತು ಅವನನ್ನು ಸುಡುತ್ತಿತ್ತು.

ಗುರುಗಳು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ಕೈ ನಿಲ್ಲಿಸದೆ, "ಕೂತುಕೋ, ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ" ಎಂದರು.

ಮಳೆ ಕಾಣದ ಒಂದು ನಾಡಿನಲ್ಲಿ ಒಬ್ಬ ಒಡೆಯನಿದ್ದ. ಅವನಿಗೆ ಕೋಟೆ ಬೇಕಾಯಿತು. ದೂರದ ಬಯಲಿನಿಂದ ನಲವತ್ತು ಮನೆಯ ಕಲ್ಲುಕುಟಿಗರನ್ನು ಕರೆಸಿದ. ಕೋಟೆ ಮುಗಿದ ದಿನ ನಿಮ್ಮ ದಾರಿ ನಿಮಗೆ ಎಂದು ಮಾತು ಕೊಟ್ಟ. ಅವರು ಬಂದದ್ದು ಎರಡು ಗುಡ್ಡಗಳ ನಡುವಿನ ಕಣಿವೆಯಿಂದ. ಬೇರೆ ದಾರಿ ಇರಲಿಲ್ಲ. ಅವರು ಒಳಗೆ ಬಂದ ಮೇಲೆ ಒಡೆಯ ಆ ಕಣಿವೆಗೆ ಬಾಗಿಲು ಹಾಕಿಸಿ ಕಾವಲಿಟ್ಟ.

ಏಳು ವರ್ಷಕ್ಕೆ ಕೋಟೆ ಮುಗಿಯಿತು. ಕಲ್ಲುಕುಟಿಗರು ಉಳಿ ಸುತ್ತಿಗೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲ ಬಳಿ ಬಂದರು. ಬಾಗಿಲು ತೆರೆಯಲಿಲ್ಲ. ಇನ್ನೊಂದು ಸುತ್ತು ಗೋಡೆ ಬೇಕು ಎಂದ ಒಡೆಯ. ಯಾರೋ ಅವನು ಕೊಟ್ಟ ಮಾತನ್ನು ನೆನಪಿಸಿದರು. ಅವನು ನಕ್ಕು ಕೋಟೆಯ ಹಿಂದಕ್ಕೆ ಕೈ ತೋರಿಸಿದ.

"ಹೋಗುವವರು ಆ ಕಡೆಯಿಂದ ಹೋಗಿ. ಅಲ್ಲಿ ಬಾಗಿಲಿಲ್ಲ, ಕಾವಲೂ ಇಲ್ಲ. ನಾನು ತಡೆಯುವುದಿಲ್ಲ."

ಕೋಟೆಯ ಹಿಂದೆ ಸಾವಿರಬಾಯಿ ಇತ್ತು. ಅದು ಕೆಂಪು ಮರಳುಗಲ್ಲಿನ ನೆಲ. ಯಾವುದೋ ಕಾಲದ ನೀರು ಅದನ್ನು ಕೊರೆದು ಕೊರಕಲುಗಳ ಜಾಲ ಮಾಡಿತ್ತು. ಒಂದು ಕೊರಕಲು ಎರಡಾಗುತ್ತಿತ್ತು, ಎರಡು ಐದಾಗುತ್ತಿದ್ದವು, ಐದರಲ್ಲಿ ನಾಲ್ಕು ಕುರುಡು ಗೋಡೆಗೆ ಹೋಗಿ ನಿಲ್ಲುತ್ತಿದ್ದವು. ಕೆಲವು ಕಡೆ ಮನುಷ್ಯ ಅಡ್ಡ ತಿರುಗಿ ನಡೆಯಬೇಕು, ತಲೆಯೆತ್ತಿದರೆ ಆಕಾಶ ಒಂದು ದಾರದಷ್ಟು. ಆಚೆ ಬದಿಯಲ್ಲಿ ಬಯಲಿದೆ, ತಮ್ಮ ಬಯಲೇ ಅದು ಎಂದು ಕಲ್ಲುಕುಟಿಗರಿಗೆ ಗೊತ್ತಿತ್ತು. ಆದರೆ ಒಳಗೆ ಹೋದವರಲ್ಲಿ ಆಚೆ ತಲುಪಿದವರ ಸುದ್ದಿ ಇರಲಿಲ್ಲ. ಈಚೆ ಮರಳಿದವರೂ ಇರಲಿಲ್ಲ.

ಕಲ್ಲುಕುಟಿಗರಲ್ಲಿ ಬಾಳಗೊಂಡ ಎಂಬವನಿದ್ದ. ಒಳ್ಳೆಯ ಕೈ, ಗಟ್ಟಿ ಎದೆ. ಒಡೆಯನ ನಗು ಅವನಿಗೆ ತಡೆಯಲಾಗಲಿಲ್ಲ. ಮರುದಿನವೇ ಒಂದು ತೊಗಲುತಿತ್ತಿಯಲ್ಲಿ ನೀರು ತುಂಬಿಕೊಂಡು, ಸೊಂಟಕ್ಕೆ ಉಳಿ ಸಿಕ್ಕಿಸಿಕೊಂಡು, ಎಲ್ಲರ ಮುಂದೆ ಸಾವಿರಬಾಯಿಯ ಕಡೆ ನಡೆದ. "ದಾರಿ ಕಂಡ ಮೇಲೆ ಬರುತ್ತೇನೆ. ಕಾಣದೆ ಬರುವುದಿಲ್ಲ" ಎಂದ. ಜನ ಜಯಕಾರ ಹಾಕಿದರು. ಅವನ ತಂದೆ ಈರಗೊಂಡ ಅಳಲಿಲ್ಲ, ಮಗನ ಬೆನ್ನನ್ನು ನೋಡುತ್ತ ನಿಂತ.

ಬಾಳಗೊಂಡ ಬರಲಿಲ್ಲ. ತಿಂಗಳಾಯಿತು, ಎರಡಾಯಿತು. ಜನ ಅವನ ಹೆಸರು ಹೇಳುವಾಗ ದನಿ ತಗ್ಗಿಸತೊಡಗಿದರು. ಅವನಂಥ ಧೀರ ಇನ್ನೊಬ್ಬನಿಲ್ಲ ಎಂದರು. ಧೀರನನ್ನು ಹೊಗಳಿ, ಎರಡನೆಯ ಗೋಡೆಯ ಕಲ್ಲು ಒಡೆಯಲು ಹೋದರು.

ಬಾಳಗೊಂಡನ ಹೆಂಡತಿ ಕೇತವ್ವ. ಮಕ್ಕಳಿರಲಿಲ್ಲ. ಕೆಲಸಗಾರರಿಗೆ ಬಾವಿಯಿಂದ ನೀರು ಸೇದಿ ಕೊಡುವುದು ಅವಳ ಪಾಲಿನ ಕೆಲಸ. ಗಂಡನ ಹೊಗಳಿಕೆ ಕೇಳಿದಾಗ ಅವಳಿಗೆ ಬರುತ್ತಿದ್ದದ್ದು ಅಳುವಲ್ಲ, ಕೋಪ. ಒಡೆಯನ ಮೇಲೆ ಕೋಪ. ಒಂದೇ ತಿತ್ತಿ ಹಿಡಿದು ಹೋದ ಗಂಡನ ಮೇಲೂ ಕೋಪ.

ಅಮಾವಾಸ್ಯೆಯ ದಿನ ಕಲ್ಲುಕುಟಿಗರು ಕಲ್ಲು ಮುಟ್ಟುವುದಿಲ್ಲ. ಅಂಥ ಒಂದು ಅಮಾವಾಸ್ಯೆಯ ಬೆಳಿಗ್ಗೆ ಕೇತವ್ವ ತಿತ್ತಿಯನ್ನೂ ಬಾವಿಯ ಹಗ್ಗವನ್ನೂ ಹೆಗಲಿಗೆ ಹಾಕಿಕೊಂಡು ಸಾವಿರಬಾಯಿಯೊಳಗೆ ಹೋದಳು. ಸಂಜೆಗೆ ಮರಳಿ ಬಂದಳು.

ಜನ ಬೆರಗಾದರು. ಎಲ್ಲಿಯವರೆಗೆ ಹೋಗಿದ್ದೆ ಎಂದು ಕೇಳಿದರು. ಮೊದಲ ಕವಲಿನವರೆಗೆ ಎಂದಳು. ಅದು ಎಷ್ಟು ದೂರ? ಒಂದು ಹೊತ್ತಿನ ನಡಿಗೆ. ಕೇಳಿದವರು ನಕ್ಕರು. ಈರಗೊಂಡ ನಗಲಿಲ್ಲ. "ನನ್ನ ಮಗ ಹಿಂದಿರುಗಿ ನೋಡಲಿಲ್ಲ. ನೀನು ಅವನ ಹೆಸರು ಕೆಡಿಸಲು ಹೋಗಿದ್ದೆಯಾ?" ಎಂದು ಕೇಳಿದ. ಅಂದಿನಿಂದ ಸೊಸೆ ಬಡಿಸಿದ ಅನ್ನವನ್ನು ಅವನು ಅವಳ ಮುಖ ನೋಡದೆ ಉಂಡ.

ಮುಂದಿನ ಹುಣ್ಣಿಮೆಗೂ ಕಲ್ಲಿನ ಕೆಲಸವಿರಲಿಲ್ಲ. ಅವಳು ಮತ್ತೆ ಹೋದಳು. ಎರಡನೆಯ ಕವಲು ಮುಟ್ಟಿ ಬಂದಳು.

ಅವಳು ತನಗೆ ತಾನೇ ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದಳು. ನೀರನ್ನು ಮೂರು ಪಾಲು ಮಾಡುತ್ತಿದ್ದಳು. ಒಂದು ಪಾಲು ಹೋಗಲು, ಒಂದು ಬರಲು, ಒಂದು ಗೊತ್ತಿಲ್ಲದ್ದಕ್ಕೆ. ಮೊದಲ ಪಾಲು ಮುಗಿದ ಕಡೆ ಏನೇ ಇರಲಿ, ಕಾಲು ತಿರುಗಿಸುತ್ತಿದ್ದಳು. ನೂರು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುತ್ತಿದ್ದಳು, ಯಾಕೆಂದರೆ ಹೋಗುವಾಗ ಕಂಡ ಬಂಡೆ ಬರುವಾಗ ಬೇರೆಯೇ ಬಂಡೆಯಾಗಿರುತ್ತದೆ. ಗಂಡನ ಹಳೆಯ ಉಳಿಯಿಂದ ಗೋಡೆಯ ಮೇಲೆ ಗುರುತು ಕಡಿಯುತ್ತಿದ್ದಳು. ಆ ಗುರುತು ಬರುವವರ ಕಣ್ಣಿಗೆ ಬೀಳುವಂತಿರುತ್ತಿತ್ತು, ಹೋಗುವವರ ಕಣ್ಣಿಗಲ್ಲ. ಮೊದಮೊದಲು ನೆಲದಲ್ಲಿ ಕಲ್ಲು ಪೇರಿಸಿದ್ದಳು. ಒಂದು ದಿನ ತಲೆಗಿಂತ ಎತ್ತರದ ಬಿರುಕಿನಲ್ಲಿ ಸಿಕ್ಕಿಕೊಂಡ ಒಣಕಡ್ಡಿಗಳನ್ನು ಕಂಡಳು. ನೀರು ಅಲ್ಲಿಯವರೆಗೆ ಏರುತ್ತದೆ ಎಂದು ತಿಳಿಯಿತು. ಅಂದಿನಿಂದ ಗುರುತನ್ನು ಅದಕ್ಕೂ ಮೇಲೆ, ಬಂಡೆ ಹತ್ತಿ ಕಡಿದಳು.

ದೂರ ಹೆಚ್ಚಾದಂತೆ ಒಂದು ದಿನ ಸಾಲದಾಯಿತು. ನೀರು ಸೇದುವ ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳು, "ನಿನ್ನ ಪಾಲಿನ ಕೊಡ ನಾನು ಸೇದುತ್ತೇನೆ, ಹೋಗಿ ಬಾ" ಎಂದಳು. ಆಮೇಲೆ ಇನ್ನೊಬ್ಬಳು ಎಂದಳು. ವರ್ಷ ತಿರುಗುವ ಹೊತ್ತಿಗೆ ಕೇತವ್ವನ ಕೊಡಗಳನ್ನು ಹನ್ನೆರಡು ಹೆಂಗಸರು ಹಂಚಿಕೊಂಡಿದ್ದರು.

ಮರಳಿ ಬಂದಾಗಲೆಲ್ಲ ಅವಳು ಒಲೆಯ ಬೂದಿಯನ್ನು ನೆಲಕ್ಕೆ ಹರಡಿ, ಅಲ್ಲಿಯವರೆಗಿನ ದಾರಿಯನ್ನು ಬೆರಳಿನಿಂದ ಬರೆಯುತ್ತಿದ್ದಳು. ಎಡ, ಎಡ, ಬಲ. ಇಲ್ಲಿ ದೊಣೆ ಇದೆ, ಬಂಡೆಯ ಕುಳಿಯಲ್ಲಿ ನೆರೆಯ ನೀರು ನಿಂತಿದೆ. ಇಲ್ಲಿ ಕುರುಡು ಗೋಡೆ. ಹೆಂಗಸರು ಸುತ್ತ ಕೂತು ನೋಡಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವಳು ನೆಲ ಸಾರಿಸುತ್ತಿದ್ದಳು.

ಸುದ್ದಿ ಒಡೆಯನಿಗೆ ಮುಟ್ಟಿತು. ಅವನು ಅವಳನ್ನು ಸಭೆಗೆ ಕರೆಸಿದ.

"ಓಡಿಹೋಗಲು ದಾರಿ ಹುಡುಕುತ್ತಿದ್ದೀಯಂತೆ, ನಿಜವೇ?"

"ನಿಜ, ಒಡೆಯರೇ."

ಅವಳು ಇಲ್ಲವೆನ್ನುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ಸಭೆಯವರು ಎಣಿಸಿದ್ದರು. ಒಡೆಯ ಮುಂದಕ್ಕೆ ಬಾಗಿದ.

"ಎಲ್ಲಿಯವರೆಗೆ ಹೋದೆ?"

"ಒಂಬತ್ತನೆಯ ಕವಲಿನವರೆಗೆ."

"ಅಲ್ಲಿಂದ ಯಾಕೆ ಬಂದೆ?"

"ನನ್ನ ಪಾಲಿನ ನೀರು ಮುಗಿಯಿತು."

ಒಡೆಯ ನಕ್ಕ. ಸಭೆಯೂ ನಕ್ಕಿತು. "ನಿನ್ನ ಗಂಡನಿಗೆ ಇದ್ದ ಎದೆ ನಿನಗಿಲ್ಲ" ಎಂದ.

"ಇಲ್ಲ. ಅದಕ್ಕೇ ಈಗ ನಿಮ್ಮ ಮುಂದೆ ನಿಂತಿದ್ದೇನೆ."

ಒಡೆಯನ ಆಪ್ತರು ಇವಳನ್ನು ಕಟ್ಟಿಹಾಕಿಸಿ ಎಂದರು. ಅವನು ಒಪ್ಪಲಿಲ್ಲ. ಅವಳು ಹೋಗಲಿ, ಪ್ರತಿ ಸಲವೂ ಸೋತು ಬರುವುದನ್ನು ನಲವತ್ತು ಮನೆಯವರೂ ನೋಡಲಿ, ಯಾವ ಕಾವಲಿಗಿಂತಲೂ ಅದು ಗಟ್ಟಿ ಎಂದ. ತನ್ನ ಕುದುರೆಯ ಜೀನಿನಲ್ಲಿ ತೂಗುತ್ತಿದ್ದ ದೊಡ್ಡ ತಿತ್ತಿಯನ್ನು ತರಿಸಿ ಅವಳ ಕಾಲ ಬಳಿ ಎಸೆಸಿದ. "ಇದನ್ನೂ ಒಯ್ಯು. ಹತ್ತನೆಯ ಕವಲಿನಲ್ಲಿ ಸಾಯುವೆಯಂತೆ."

ಕೇತವ್ವ ತಿತ್ತಿಯನ್ನು ಎತ್ತಿ ಹೊಲಿಗೆ ಗಟ್ಟಿಯಿದೆಯೇ ಎಂದು ಎಳೆದು ನೋಡಿದಳು.

"ತಿತ್ತಿ ಒಯ್ಯುತ್ತೇನೆ. ಹಾರೈಕೆ ನಿಮ್ಮ ಬಳಿಯೇ ಇರಲಿ" ಎಂದು ಹೇಳಿ ಹೊರಟಳು.

ದೊಡ್ಡ ತಿತ್ತಿ ಬಂದ ಮೇಲೆ ಅವಳು ಇನ್ನೂ ದೂರ ಹೋದಳು. ಹದಿಮೂರನೆಯ ಕವಲಿನ ಆಚೆ ಕೊರಕಲು ಒಂದು ಕಡೆ ಏಕಾಏಕಿ ಕುಸಿದಿತ್ತು. ಎರಡಾಳು ಎತ್ತರದ ನುಣುಪಾದ ಬಂಡೆ. ಅದರ ಮೇಲಿಂದ ಜಾರಿ ಇಳಿಯಬಹುದು, ಇಳಿದವರು ಮತ್ತೆ ಹತ್ತಲಾಗುವುದಿಲ್ಲ. ಅವಳು ಅಂಚಿನಲ್ಲಿ ಕೂತು ಕೆಳಗೆ ನೋಡಿದಳು. ಬಂಡೆಯ ಬುಡದಲ್ಲಿ, ನೆರೆ ಎಳೆದೊಯ್ಯದ ಒಂದು ಮರೆಯಲ್ಲಿ, ಬಾಳಗೊಂಡನಿದ್ದ. ಮೂಳೆ ಮತ್ತು ಬಟ್ಟೆ ಉಳಿದಿದ್ದವು.

ಅವಳು ಬಾವಿಯ ಹಗ್ಗವನ್ನು ಬಂಡೆಗೆ ಬಿಗಿದು ಇಳಿದಳು. ಗಂಡನ ಪಕ್ಕದಲ್ಲಿ ಬರಿದಾದ ತಿತ್ತಿ ಇತ್ತು. ಉಳಿ ಇತ್ತು. ನುಣುಪಾದ ಬಂಡೆಯಲ್ಲಿ ಕಾಲಿಡಲು ನಾಲ್ಕು ಗೂಡು ಕಡಿದಿದ್ದವು. ಐದನೆಯದು ಅರ್ಧ ಆಗಿತ್ತು.

ಅವಳು ಬಹಳ ಹೊತ್ತು ಆ ಅರ್ಧ ಗೂಡಿನ ಮೇಲೆ ಕೈಯಿಟ್ಟು ನಿಂತಿದ್ದಳು. ಆಮೇಲೆ ಗಂಡನ ಮೇಲೆ ಕಲ್ಲು ಪೇರಿಸಿದಳು. ಅಲ್ಲಿಂದ ಒಂದು ಕೂಗಿನ ದೂರದಲ್ಲಿ, ಒಂದು ತಿರುವಿನಾಚೆ, ದೊಣೆಯ ತುಂಬ ನೀರಿತ್ತು. ಅದನ್ನು ಅವಳು ಮುಂದಿನ ಸಲ ಬಂದಾಗ ಕಂಡಳು.

ಊರಿಗೆ ಬಂದು ಮಾವನಿಗೆ ಕಂಡದ್ದನ್ನು ಕಂಡ ಹಾಗೆಯೇ ಹೇಳಿದಳು. ಈರಗೊಂಡ ಕೇಳಿದ.

"ಗೂಡು ಕಡಿದಿದ್ದನೇ?"

"ಹೌದು, ಮಾವ. ನಾಲ್ಕೂವರೆ."

"ಹತ್ತುವುದಕ್ಕೆ."

"ಹತ್ತುವುದಕ್ಕೆ."

ಮುದುಕ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಎದ್ದು, ತಾನು ಯಾರಿಗೂ ಮುಟ್ಟಗೊಡದಿದ್ದ ತನ್ನ ಉಳಿಗಳನ್ನು ಸಾಣೆ ಹಿಡಿದು, ಸೊಸೆಯ ಮುಂದಿಟ್ಟ. "ಮರಳುಗಲ್ಲಿಗೆ ಅಗಲ ಮೊನೆ ಬೇಕು. ಅವನು ಒಯ್ದದ್ದು ತಪ್ಪು ಉಳಿ" ಎಂದ. ಅಂದು ಅವಳು ಬಡಿಸುವಾಗ ಅವಳ ಮುಖ ನೋಡಿದ.

ಮುಂದಿನ ನಾಲ್ಕು ಸಲವೂ ಕೇತವ್ವ ಆ ಬಂಡೆಗೇ ಹೋದಳು. ಐದನೆಯ ಗೂಡನ್ನು ಮುಗಿಸಿದಳು. ಅದರ ಮೇಲೆ ಇನ್ನೂ ಆರು ಕಡಿದಳು. ಅಷ್ಟಕ್ಕೆ ಇಳಿದವರು ಹತ್ತಬಹುದಾದ ಮೆಟ್ಟಿಲಾಯಿತು.

ಎರಡನೆಯ ವರ್ಷದ ಮಳೆಗಾಲಕ್ಕೆ ಮೊದಲು ಅವಳು ಮೆಟ್ಟಿಲಿಳಿದು ಮುಂದೆ ನಡೆದಳು. ಅರ್ಧ ದಿನ ಕಳೆದ ಮೇಲೆ ಕೊರಕಲು ಅಗಲವಾಯಿತು. ಗೋಡೆಗಳು ತಗ್ಗಿದವು. ಒಂದು ತಿರುವಿನಲ್ಲಿ ಎದುರಿಗೆ ಬಯಲು ಕಂಡಿತು. ಜಾಲಿ ಮರಗಳು, ಅವುಗಳ ಹಿಂದೆ ಯಾರದೋ ಮನೆಯ ಹೊಗೆ. ತುಂಬ ದೂರವಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮುಟ್ಟಬಹುದಿತ್ತು.

ಅಲ್ಲಿಗೆ ಮೊದಲ ಪಾಲಿನ ನೀರು ಮುಗಿಯಿತು.

ಗೊತ್ತಿಲ್ಲದ್ದಕ್ಕೆಂದು ಇಟ್ಟ ಮೂರನೆಯ ಪಾಲು ಹಾಗೆಯೇ ಇತ್ತು. ಅದನ್ನು ಕುಡಿದರೆ ಬಯಲು ಸಿಗುತ್ತಿತ್ತು, ಬಿಡುಗಡೆಯೂ ಸಿಗುತ್ತಿತ್ತು. ಆದರೆ ಅವಳೊಬ್ಬಳು ದಾಟಿದರೆ ಕೋಟೆಯೊಳಗಿನವರಿಗೆ ಅವಳೂ ಗಂಡನ ಹಾಗೆ ಬಾರದವಳಾಗುತ್ತಾಳೆ. ಮತ್ತೆ ಯಾರೂ ಹೊರಡುವುದಿಲ್ಲ. ಕೇತವ್ವ ನೆಲಕ್ಕೆ ಕೂತು ಅತ್ತಳು. ಗಂಡ ಸತ್ತಾಗ ಅಳದವಳು ಅಲ್ಲಿ ಅತ್ತಳು. ಹೊಗೆ ಏರುವುದನ್ನು ನೋಡಿದಳು. ಆಮೇಲೆ ಎದ್ದು ಬಯಲಿಗೆ ಬೆನ್ನು ತಿರುಗಿಸಿ ಮೂರು ದಿನ ನಡೆದು ಕೋಟೆಗೆ ಬಂದಳು.

ಅಂದು ಬೂದಿಯಲ್ಲಿ ಬರೆದ ದಾರಿಗೆ ಕೊನೆ ಇತ್ತು. ಹುಡುಗರು ನಾಳೆಯೇ ಹೊರಡೋಣ ಎಂದರು.

"ನಾಳೆ ಬೇಡ. ಮೇಲಿನ ಬೆಟ್ಟಗಳಲ್ಲಿ ಮಳೆಗಾಲ ಶುರುವಾಗುತ್ತಿದೆ. ಅದು ಮುಗಿಯಬೇಕು" ಎಂದಳು ಕೇತವ್ವ.

"ಆಕಾಶದಲ್ಲಿ ಮೋಡವೇ ಇಲ್ಲವಲ್ಲ, ಅಕ್ಕ."

"ನಮ್ಮ ಮೇಲಿಲ್ಲ."

ಅವರು ಗುಣುಗಿದರು. ತಿರುಗಿ ತಿರುಗಿ ಬಂದು ಇವಳಿಗೆ ತಿರುಗುವುದೇ ರೂಢಿಯಾಗಿದೆ, ದಾಟುವ ಧೈರ್ಯವೇ ಹೋಗಿದೆ ಎಂದ ಒಬ್ಬ. ಅವಳು ಜಗಳ ಮಾಡಲಿಲ್ಲ. ತಿತ್ತಿಯನ್ನು ಒಣಗಲು ಹಾಕಿ ಬಾವಿಗೆ ಹೋದಳು. ನಾಲ್ಕನೆಯ ದಿನ ಮಧ್ಯಾಹ್ನ, ಸುಡುವ ಬಿಸಿಲಿನಲ್ಲಿ, ಒಂದು ಹನಿ ಮಳೆಯಿಲ್ಲದೆ, ಸಾವಿರಬಾಯಿ ಗುಡುಗಿತು. ಕೊರಕಲುಗಳ ಬಾಯಿಂದ ಕೆಂಪು ನೀರು ನುಗ್ಗಿ ಬಂತು. ಬೇರುಸಹಿತ ಮರಗಳು ಬಂದವು, ಎಮ್ಮೆಯಷ್ಟು ದೊಡ್ಡ ಬಂಡೆಗಳು ಉರುಳಿ ಬಂದವು. ಎರಡು ದಿನ ಹರಿದು ನಿಂತಿತು. ಹುಡುಗರು ದಡದಲ್ಲಿ ನಿಂತು ನೋಡಿದರು. ಅವಳನ್ನು ಹಂಗಿಸಿದ್ದವನು ಬಂದು ಅವಳ ಕೈಯ ಕೊಡವನ್ನು ತೆಗೆದುಕೊಂಡು ತಾನೇ ಹೊತ್ತ.

ನಾಲ್ಕು ತಿಂಗಳು ಕಾದರು. ಕಾಯುತ್ತ ಸುಮ್ಮನಿರಲಿಲ್ಲ. ಮನೆಗೆ ಇಷ್ಟು ತಿತ್ತಿ ಎಂದು ಹೊಲಿದರು. ಹುರಿಹಿಟ್ಟು ಮಾಡಿ ಕಟ್ಟಿದರು. ಮಕ್ಕಳಿಗೂ ದಾರಿಯನ್ನು ಬಾಯಿಪಾಠ ಮಾಡಿಸಿದರು, ಯಾಕೆಂದರೆ ನಾನು ದಾರಿಯಲ್ಲಿ ಸತ್ತರೂ ನೀವು ನಿಲ್ಲಬಾರದು ಎಂದಿದ್ದಳು ಕೇತವ್ವ. ನೆರೆ ಇಳಿದ ಮೇಲೆ ಅವಳು ಇನ್ನೊಮ್ಮೆ ಹೋಗಿ, ಹೊಸದಾಗಿ ಬಿದ್ದ ಬಂಡೆಗಳನ್ನು ನೋಡಿ, ದೊಣೆಗಳು ತುಂಬಿರುವುದನ್ನು ಎಣಿಸಿ ಬಂದಳು. ಅದು ಅವಳ ನಲವತ್ತೊಂದನೆಯ ಮರಳುವಿಕೆ.

ಕಾರ್ತಿಕ ಕಳೆದ ಮೇಲಿನ ಅಮಾವಾಸ್ಯೆಯಂದು ಹೊರಡುವುದೆಂದಾಯಿತು. ಕತ್ತಲಲ್ಲಿ ಸದ್ದಿಲ್ಲದೆ ಹೋಗೋಣ ಎಂದರು ಕೆಲವರು.

"ಕಳ್ಳರ ಹಾಗೆ ಹೋಗಲು ನಾವು ಏನು ಕದ್ದಿದ್ದೇವೆ? ಹಗಲಲ್ಲೇ ಹೋಗೋಣ. ನಾನು ತಿರುಗಿ ಬರುವುದನ್ನು ನೋಡಿ ನೋಡಿ ಅವನಿಗೆ ಅಭ್ಯಾಸವಾಗಿದೆ. ಮೂರು ದಿನ ನಗುತ್ತಾನೆ. ನಮಗೆ ಆ ಮೂರು ದಿನ ಸಾಕು" ಎಂದಳು ಕೇತವ್ವ.

ಹೊತ್ತು ಮೂಡಿದಾಗ ನಲವತ್ತು ಮನೆಯವರು ಗಂಟು ಹೊತ್ತು ಸಾಲಾಗಿ ನಡೆದರು. ಒಟ್ಟು ನೂರ ಎಂಬತ್ತು ಜನ. ಕೂಸುಗಳು ಬೆನ್ನ ಮೇಲಿದ್ದವು. ಈರಗೊಂಡ ಕೋಲೂರಿ ನಡೆದ. ಒಡೆಯ ಎದ್ದು ಗೋಡೆಯ ಮೇಲೆ ಬಂದ. ಅವನ ಸೈನಿಕರೂ ಬಂದರು.

"ಎಷ್ಟು ದಿನಕ್ಕೆ ಬರುತ್ತೀರಿ?" ಎಂದು ಕೂಗಿದ.

ಕೇತವ್ವ ನಿಂತು ತಲೆಯೆತ್ತಿದಳು.

"ಈ ಸಲ ಬರುವುದಿಲ್ಲ, ಒಡೆಯರೇ."

ಗೋಡೆಯ ಮೇಲೆ ಎಲ್ಲರೂ ನಕ್ಕರು. ಬಾವಿಗೆ ಕಾವಲು ಹಾಕಿ, ಬಾಯಾರಿ ಬಂದವರು ಮೊದಲು ನನ್ನ ಮುಂದೆ ಬರಲಿ ಎಂದ ಒಡೆಯ.

ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಮೂರನೆಯ ಸಂಜೆ ಒಡೆಯನ ನಗು ನಿಂತಿತು. ನಾಲ್ಕನೆಯ ಬೆಳಿಗ್ಗೆ ಮೂವತ್ತು ಸೈನಿಕರನ್ನು ಕರೆದು, ಅವರನ್ನು ಹಿಡಿದು ತನ್ನಿ, ಬರಿಗೈಯಲ್ಲಿ ಬಂದರೆ ನಿಮ್ಮನ್ನೇ ಗೋಡೆಯಿಂದ ತಳ್ಳಿಸುತ್ತೇನೆ ಎಂದ. ಸೈನಿಕರು ತಲೆಗೊಂದು ತಿತ್ತಿ ಹಿಡಿದು ಓಡಿದರು. ಮರಳಿನಲ್ಲಿ ಹೆಜ್ಜೆಗಳಿದ್ದವು. ಹೆಜ್ಜೆ ಹಿಡಿದು ಎರಡು ದಿನ ಹಗಲೂ ರಾತ್ರಿ ಹೋದರು. ಮುಂದೆ ನೆಲ ಬರಿ ಬಂಡೆಯಾಯಿತು. ಹೆಜ್ಜೆ ಇಲ್ಲವಾಯಿತು. ಗೋಡೆಯ ಮೇಲಿನ ಗುರುತುಗಳು ಅವರ ಬೆನ್ನಿನ ಕಡೆಗಿದ್ದವು. ಅವರು ಯಾರೂ ಹಿಂದಿರುಗಿ ನೋಡಲಿಲ್ಲ.

ಕಲ್ಲುಕುಟಿಗರ ನಡಿಗೆ ನಿಧಾನದ್ದು, ಮಕ್ಕಳ ಕಾಲಿನ ಅಳತೆಯದು. ಆರನೆಯ ದಿನ ಅವರು ಕುಸಿದ ಬಂಡೆಯ ಬಳಿ ಬಂದರು. ಒಬ್ಬೊಬ್ಬರಾಗಿ ಗೂಡುಗಳಲ್ಲಿ ಕಾಲಿಟ್ಟು ಇಳಿದರು. ಈರಗೊಂಡನನ್ನು ಹಗ್ಗ ಕಟ್ಟಿ ಇಳಿಸುತ್ತೇವೆ ಎಂದರೆ ಅವನು ಕೇಳಲಿಲ್ಲ. ತಾನೇ ಇಳಿದ. ಕೆಳಗಿನಿಂದ ಐದನೆಯ ಗೂಡಿಗೆ ಬಂದಾಗ ನಿಂತ. ಒಳಗೆ ಕೈ ಹಾಕಿ ತಡವಿದ. ಒಂದೇ ಗೂಡಿನಲ್ಲಿ ಎರಡು ಉಳಿಯ ಏಟು ಅವನ ಬೆರಳಿಗೆ ತಿಳಿಯಿತು. ಮೇಲೆ ಇದ್ದವರೂ ಕೆಳಗೆ ಇದ್ದವರೂ ಅವನನ್ನು ಅವಸರಪಡಿಸಲಿಲ್ಲ.

ಎಲ್ಲರೂ ಇಳಿದು ದೊಣೆಯ ಬಳಿ ಕೂತಾಗ ಮೇಲಿನ ಯಾವುದೋ ಕೊರಕಲಿನಿಂದ ಕೂಗು ಕೇಳಿತು. ಮೊದಲು ಗದರುವ ದನಿ. ಆಮೇಲೆ ಬೇಡುವ ದನಿ. ಸೈನಿಕರು ಕುರುಡು ಗೋಡೆಯ ಕೊರಕಲಿಗೆ ಹೊಕ್ಕಿದ್ದಾರೆ ಎಂದು ಕೇತವ್ವನಿಗೆ ತಿಳಿಯಿತು. ಆ ಕೊರಕಲಿನಲ್ಲಿ ದೊಣೆಯಿರಲಿಲ್ಲ.

"ಸಾಯಲಿ, ನಮ್ಮ ಬೆನ್ನ ಮೇಲೆ ಇವರ ಚಾಟಿಯ ಗುರುತು ಇನ್ನೂ ಇದೆ" ಎಂದ ಒಬ್ಬ.

"ಇದೆ. ಆದರೆ ಸಾವಿರಬಾಯಿ ಮನುಷ್ಯರನ್ನು ತಿನ್ನುತ್ತದೆ ಎಂಬ ಮಾತಿನಿಂದಲೇ ಅವನು ನಮ್ಮನ್ನು ಕಟ್ಟಿಹಾಕಿದ್ದ. ಆ ಮಾತಿಗೆ ಇನ್ನು ಒಂದು ಹೆಣವನ್ನೂ ನಾನು ಕೊಡುವುದಿಲ್ಲ" ಎಂದಳು ಕೇತವ್ವ.

ಮೂರು ತಿತ್ತಿ ತುಂಬಿಕೊಂಡು ಮೆಟ್ಟಿಲು ಹತ್ತಿದಳು. ಯಾರೂ ಜೊತೆಗೆ ಏಳಲಿಲ್ಲ. ಸ್ವಲ್ಪ ಹೊತ್ತಿಗೆ, ಹಿಂದೆ ಅವಳನ್ನು ಹಂಗಿಸಿದ್ದ ಹುಡುಗ ಬೈದುಕೊಳ್ಳುತ್ತ ಇನ್ನೆರಡು ತಿತ್ತಿ ಹಿಡಿದು ಹತ್ತಿದ.

ಕೊರಕಲಿನ ಬಾಯಲ್ಲಿ ನಿಂತು ನೋಡಿದರೆ ಸೈನಿಕರು ನೆರಳಿಗೆ ಒರಗಿ ಬಿದ್ದಿದ್ದರು. ಅವರ ನಾಯಕ ಭರ್ಜಿ ಊರಿ ಎದ್ದು ನಿಂತ. ಅವನ ತುಟಿ ಒಡೆದಿತ್ತು.

"ನೀರು ಕೊಡು."

"ಕೊಡುತ್ತೇನೆ. ಭರ್ಜಿ ಕೆಳಗಿಡು."

"ನಾನು ಒಡೆಯನ ಆಳು."

"ನಿನ್ನ ಒಡೆಯ ನಿನಗೆ ಎಷ್ಟು ನೀರು ಕೊಟ್ಟು ಕಳಿಸಿದ?"

ನಾಯಕ ತನ್ನ ಹಿಂದೆ ಬಿದ್ದಿದ್ದವರನ್ನು ನೋಡಿದ. ಅವರಲ್ಲಿ ಒಬ್ಬ ಆಗಲೇ ಭರ್ಜಿ ಬಿಟ್ಟು ಅಂಗೈ ಚಾಚಿದ್ದ.

"ಕುಡಿದ ಮೇಲೆ ಎರಡು ದಾರಿಗಳಿವೆ. ಒಂದು ಅವನ ಕಡೆಗೆ, ಒಂದು ಬಯಲಿಗೆ. ನಿನಗೆ ಯಾವುದು ಬೇಕೋ ಅದನ್ನು ತೋರಿಸುತ್ತೇನೆ. ಎರಡರಲ್ಲೂ ಭರ್ಜಿ ಹಿಡಿದು ನಡೆಯಲು ಬಿಡುವುದಿಲ್ಲ" ಎಂದಳು ಕೇತವ್ವ.

ನಾಯಕ ಭರ್ಜಿಯನ್ನು ಕೆಳಗಿಟ್ಟ. ಅದನ್ನು ಇಡುವಾಗ ಅವನ ಮುಖದಲ್ಲಿ ನಾಚಿಕೆಯಿತ್ತೋ ನೆಮ್ಮದಿಯಿತ್ತೋ ಹುಡುಗನಿಗೆ ಹೇಳಲಾಗಲಿಲ್ಲ. ಏಳು ಜನ ಕೋಟೆಯಲ್ಲಿ ಹೆಂಡಿರು ಮಕ್ಕಳು ಇದ್ದಾರೆಂದು ಹಿಂದಕ್ಕೆ ಹೋಗಲು ಬಯಸಿದರು. ಅವರಲ್ಲೊಬ್ಬನಾದ ನಾಯಕ ಮುಂದೆ ನಿಂತ. ಕೇತವ್ವ ಅವರನ್ನು ಮೊದಲ ಗುರುತಿನವರೆಗೆ ನಡೆಸಿ, ಗುರುತು ಓದುವುದನ್ನು ಕಲಿಸಿ, ನೀರು ಕೊಟ್ಟು ಕಳಿಸಿದಳು. ಉಳಿದವರು ಅವಳ ಹಿಂದೆ ಮೆಟ್ಟಿಲಿಳಿದರು. ಕಲ್ಲುಕುಟಿಗರು ಅವರಿಗೆ ಜಾಗ ಬಿಟ್ಟು ಕೂತರು. ಮಾತಾಡಿಸಲಿಲ್ಲ, ಆದರೆ ಹುರಿಹಿಟ್ಟು ಕೊಟ್ಟರು.

ಏಳನೆಯ ದಿನ ಎಲ್ಲರೂ ಬಯಲಿಗೆ ಕಾಲಿಟ್ಟರು. ನೂರ ಎಂಬತ್ತು ಜನರಲ್ಲಿ ಒಬ್ಬರೂ ಕಡಿಮೆಯಾಗಿರಲಿಲ್ಲ.

ಹಿಂದಕ್ಕೆ ಹೋದ ಏಳು ಜನ ಕೋಟೆಯಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಒಡೆಯ ತಮ್ಮನ್ನು ಗೋಡೆಯಿಂದ ತಳ್ಳಿಸುವ ಮೊದಲೇ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು, ಹಿಂದಿರುಗಿ ನೋಡಿ ನೋಡಿ ಗುರುತು ಹಿಡಿದು, ಅವರೂ ಬಂದರು. ಅವರ ಹಿಂದೆ ಬಾವಿಯ ಕಾವಲಿನವರು ಬಂದರು, ಅಡುಗೆಯವರು ಬಂದರು, ಕುದುರೆ ಲಾಯದವರು ಬಂದರು. ಎರಡನೆಯ ಸುತ್ತಿನ ಗೋಡೆ ಎದೆಯೆತ್ತರಕ್ಕೆ ನಿಂತುಹೋಯಿತು. ಕೊನೆಗೆ ಒಡೆಯನೇ ಬಂದು ಬಾವಿಯಲ್ಲಿ ಕೊಡ ಇಳಿಸಬೇಕಾಯಿತು ಎಂದು ಬಂದವರು ಹೇಳಿದರು. ಅದು ನಿಜವೋ ಅವರು ಕಟ್ಟಿದ್ದೋ ಗೊತ್ತಿಲ್ಲ.

ಕೇತವ್ವ ಬಯಲಿನಲ್ಲಿ ಮನೆ ಹಾಕಿಕೊಂಡಳು. ವರ್ಷಕ್ಕೊಮ್ಮೆ, ದೊಣೆ ತುಂಬಿರುವ ಕಾಲದಲ್ಲಿ, ಉಳಿ ಹಿಡಿದು ಸಾವಿರಬಾಯಿಯೊಳಗೆ ಹೋಗುತ್ತಿದ್ದಳು. ಈಗ ಕೋಟೆಯ ಕಡೆಯಿಂದ ಬರುವವರಿಗೂ ಕಾಣುವಂತೆ ಬಂಡೆಯ ಇನ್ನೊಂದು ಬದಿಗೂ ಗುರುತು ಕಡಿಯುತ್ತಿದ್ದಳು. ಯಾಕೆ ಎಂದು ಕೇಳಿದರೆ, ಕೋಟೆ ಕಟ್ಟುವವರು ಇನ್ನೂ ಹುಟ್ಟುತ್ತಾರೆ ಎನ್ನುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಮೊರವನ್ನು ಪಕ್ಕಕ್ಕಿಟ್ಟರು.

ರೇಚಯ್ಯ ನಿಟ್ಟುಸಿರು ಬಿಟ್ಟ. ಅವನ ಮುಖ ಹಗುರಾಗಿತ್ತು. ಕೈಮುಗಿದು, "ತಿಳಿಯಿತು, ಗುರುಗಳೇ. ಆತುರಪಡುವುದಿಲ್ಲ. ನಾಳೆಯ ಪ್ರಯಾಣ ಬಿಟ್ಟೆ. ಎಲ್ಲವೂ ಸಿದ್ಧವಾದ ದಿನ ಹೊರಡುತ್ತೇನೆ" ಎಂದ.

ಗುರುಗಳು ಅವನನ್ನು ನೋಡಿದರು.

"ಕೇತವ್ವ ಹೊರಟದ್ದು ಎಲ್ಲವೂ ಸಿದ್ಧವಾದ ದಿನವಲ್ಲ. ಒಂದು ತಿತ್ತಿ, ಒಂದು ಹಗ್ಗ ಹಿಡಿದು, ಮೊದಲನೆಯ ಅಮಾವಾಸ್ಯೆಗೆ."